ಆ. ನೇ. ಉಪಾಧ್ಯೆ

ಡಾ. ಆದಿನಾಥ ನೇಮಿನಾಥ ಉಪಾಧ್ಯೆ (ಫೆಬ್ರವರಿ ೬, ೧೯೦೬ – ಅಕ್ಟೋಬರ್ ೮, ೧೯೭೫) ಪ್ರಾಕೃತ, ಅಪಭ್ರಂಶ ಮತ್ತು ಸಂಸ್ಕೃತ ಭಾಷೆಗಳ ವಿದ್ವಾಂಸರು, ಗ್ರಂಥಸಂಪಾದಕರು ಹಾಗೂ ಪ್ರಾಧ್ಯಾಪಕರು. ಒಂದು ಪದ್ಯ ಅಥವಾ ಹೆಸರು ಯಾವ ಯಾವ ಗ್ರಂಥಗಳಲ್ಲಿ ಬಳಕೆಯಾಗಿದೆ ಎಂಬುದನ್ನು ಹುಡುಕಿ, ಆ ಆಧಾರದಿಂದ ಕೃತಿಗಳ ಕರ್ತೃ ಮತ್ತು ಕಾಲವನ್ನು ನಿರ್ಣಯಿಸಿದವರಲ್ಲಿ ಇವರು ಪ್ರಮುಖರು.

ಜನನ ಮತ್ತು ಶಿಕ್ಷಣ

ಉಪಾಧ್ಯೆಯವರು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಸದಲಗಾ ಗ್ರಾಮದ ಜೈನ ಮನೆತನದಲ್ಲಿ ಜನಿಸಿದರು. ದೂಧಗಂಗಾ ನದಿಯ ದಡದ ಈ ಊರು ಕನ್ನಡ ಮತ್ತು ಮರಾಠಿ ಎರಡೂ ಬಳಕೆಯಲ್ಲಿರುವ ಗಡಿಸೀಮೆಗೆ ಸೇರಿದೆ. ಬೆಳಗಾವಿಯಲ್ಲಿ ಪ್ರೌಢಶಿಕ್ಷಣ ಪಡೆದು, ೧೯೩೦ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಎಂ.ಎ. ಪದವಿ ಗಳಿಸಿದರು. ಅದೇ ವರ್ಷ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾಗಿ ಸೇರಿ, ೧೯೬೨ರವರೆಗೆ ಸೇವೆ ಸಲ್ಲಿಸಿದರು.

ಸಂಶೋಧನೆಯ ವಿಧಾನ

ಹಳೆಯ ಜೈನ ಗ್ರಂಥಗಳಲ್ಲಿ ಹಲವು ಕರ್ತೃವಿನ ಹೆಸರಿಲ್ಲದೆ ಉಳಿದಿದ್ದವು. ಒಂದೇ ಗಾಹೆ ಅನೇಕ ಕೃತಿಗಳಲ್ಲಿ ಕಾಣಿಸುತ್ತಿತ್ತು. ಇಂದು ಗಣಕಯಂತ್ರದ ಕಡತಗಳಲ್ಲಿ ಒಂದು ಪದ ಎಲ್ಲೆಲ್ಲಿದೆ ಎಂಬುದು ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಉಪಾಧ್ಯೆಯವರ ಕಾಲದಲ್ಲಿ ಮಠಗಳ ಭಂಡಾರಗಳಲ್ಲಿದ್ದ ಓಲೆಗರಿಗಳನ್ನು ಓದಿ, ಪಾಠಗಳನ್ನು ಹೋಲಿಸಿ, ಪದ್ಯಸೂಚಿಗಳನ್ನು ಕೈಯಿಂದಲೇ ಸಿದ್ಧಪಡಿಸಬೇಕಾಗಿತ್ತು.

ಯೋಗೀಂದುವಿನ ಅಪಭ್ರಂಶ ಕೃತಿ ಪರಮಾತ್ಮಪ್ರಕಾಶವನ್ನು ಅವರು ೧೯೩೭ರಲ್ಲಿ ಪ್ರಕಟಿಸಿದರು. ಹನ್ನೆರಡನೆಯ ಶತಮಾನದ ಹೇಮಚಂದ್ರನು ತನ್ನ ಪ್ರಾಕೃತ ವ್ಯಾಕರಣದಲ್ಲಿ ಕವಿಯ ಹೆಸರು ಹೇಳದೆ ಉದಾಹರಿಸಿದ ಕೆಲವು ದೋಹೆಗಳು ಈ ಕೃತಿಯವೆಂದು ಗುರುತಿಸಿದರು. ಇದರಿಂದ ಯೋಗೀಂದು ಹೇಮಚಂದ್ರನಿಗಿಂತ ಹಿಂದಿನವನೆಂಬುದು ಸ್ಪಷ್ಟವಾಯಿತು.

ವರಾಂಗಚರಿತದ ಕರ್ತೃತ್ವ

ಸಂಸ್ಕೃತ ಕಾವ್ಯ ವರಾಂಗಚರಿತದಲ್ಲಿ ಕವಿಯ ಹೆಸರಿಲ್ಲ. ಕ್ರಿ.ಶ. ೭೮೩ರ ಹರಿವಂಶಪುರಾಣವು ಈ ಕಾವ್ಯವನ್ನು ಹೊಗಳಿದರೂ ಕವಿಯನ್ನು ಹೆಸರಿಸುವುದಿಲ್ಲ. ಅಲ್ಲಿ ಸಮೀಪದಲ್ಲಿಯೇ ರವಿಷೇಣನ ಪ್ರಶಂಸೆ ಇರುವುದರಿಂದ ಇದು ಅವನ ಕೃತಿಯೆಂದೇ ಕೆಲವರು ಭಾವಿಸಿದ್ದರು. ಕ್ರಿ.ಶ. ೭೭೯ರ ಕುವಲಯಮಾಲೆಯು ಜಟಿಲನನ್ನೂ ರವಿಷೇಣನನ್ನೂ ಬೇರೆ ಬೇರೆಯಾಗಿ ಸ್ಮರಿಸುತ್ತದೆ.

ನಿರ್ಣಾಯಕ ಆಧಾರ ದೊರೆತದ್ದು ಕನ್ನಡದಲ್ಲಿ. ಕ್ರಿ.ಶ. ೯೭೮ರ ಚಾವುಂಡರಾಯ ಪುರಾಣದಲ್ಲಿ ಜಟಾಸಿಂಹನಂದಿ ಆಚಾರ್ಯನದೆಂದು ಉದ್ಧರಿಸಿದ ಶ್ಲೋಕವು ವರಾಂಗಚರಿತದ ಮೊದಲ ಸರ್ಗದಲ್ಲಿಯೇ ಇರುವುದನ್ನು ಉಪಾಧ್ಯೆಯವರು ತೋರಿಸಿದರು. ಪಂಪ, ನಯಸೇನ, ಜನ್ನ ಮೊದಲಾದ ಕನ್ನಡ ಕವಿಗಳು ಈ ಆಚಾರ್ಯನನ್ನು ಸ್ಮರಿಸಿರುವುದನ್ನೂ, ಕೊಪ್ಪಳದ ಬೆಟ್ಟದಲ್ಲಿ ಅವನ ಪಾದಗಳ ಬಳಿ ಇರುವ ಕನ್ನಡ ಶಾಸನವನ್ನೂ ಪರಿಶೀಲಿಸಿದರು. ೧೯೩೮ರಲ್ಲಿ ಕಾವ್ಯವು ಜಟಾಸಿಂಹನಂದಿಯ ಹೆಸರಿನಲ್ಲಿಯೇ ಪ್ರಕಟವಾಯಿತು. ಹೀಗೆ ಮರೆಯಾಗಿದ್ದ ಕವಿಗೆ ಅವನ ಕೃತಿ ಮರಳಿ ಸಂದಿತು.

ಇತರ ಸಂಪಾದನೆಗಳು

ಪ್ರವಚನಸಾರ (೧೯೩೫), ಬೃಹತ್ಕಥಾಕೋಶ (೧೯೪೩), ಲೀಲಾವಈ (೧೯೪೯) ಮತ್ತು ಕುವಲಯಮಾಲಾ (೧೯೫೯) ಇವರ ಇತರ ಮುಖ್ಯ ಸಂಪಾದನೆಗಳು. ತಿಲೋಯಪಣ್ಣತ್ತಿಯನ್ನು ಹೀರಾಲಾಲ್ ಜೈನ್ ಅವರೊಡನೆ ಸಂಪಾದಿಸಿದರು. ಹರಿಷೇಣನ ಬೃಹತ್ಕಥಾಕೋಶದಲ್ಲಿ ೧೫೭ ಕಥೆಗಳಿವೆ. ಅವುಗಳ ಮೂಲವನ್ನು ಭಗವತೀ ಆರಾಧನೆಯ ಗಾಹೆಗಳಲ್ಲಿ ಅರಸಿ, ಕನ್ನಡದ ವಡ್ಡಾರಾಧನೆಯೊಡನೆ ಹೋಲಿಸಿದ ಇವರ ಪೀಠಿಕೆಯು ಕನ್ನಡ ಗದ್ಯದ ಅಧ್ಯಯನಕ್ಕೂ ಉಪಯುಕ್ತವಾಗಿದೆ.

ಗೌರವ ಮತ್ತು ಕೊನೆಯ ದಿನಗಳು

೧೯೬೬ರಲ್ಲಿ ಅಲಿಗಢದಲ್ಲಿ ನಡೆದ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನಕ್ಕೂ, ೧೯೬೭ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೂ ಅಧ್ಯಕ್ಷರಾಗಿದ್ದರು. ೧೯೭೧ರಿಂದ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗದ ಪ್ರಾಧ್ಯಾಪಕರಾಗಿದ್ದರು. ೧೯೭೫ರಲ್ಲಿ ಕೊಲ್ಲಾಪುರದಲ್ಲಿ ನಿಧನರಾದರು. ಇವರು ಸಂಪಾದಿಸಿದ ಗ್ರಂಥಗಳ ಪೀಠಿಕೆಗಳು ಮತ್ತು ಸೂಚಿಗಳನ್ನು ಸಂಶೋಧಕರು ಇಂದಿಗೂ ಆಧಾರವಾಗಿ ಬಳಸುತ್ತಾರೆ.