ಹಳೆಯ ಬಿಡಿಭಾಗಗಳಿಂದ ಹೊಸ ಆಟ

ಹೊಸ ಮೊಬೈಲ್ ಫೋನೋ, ಆಟದ ಯಂತ್ರವೋ ಮಾರುಕಟ್ಟೆಗೆ ಬಂತೆಂದರೆ ಅದರ ಗುಣಾವಗುಣಗಳ ಚರ್ಚೆ ಈಗ ಅಂಕಿಗಳ ಮೂಲಕವೇ ನಡೆಯುತ್ತದೆ. ಪ್ರೊಸೆಸರ್ ಎಷ್ಟು ವೇಗದ್ದು, ಪರದೆಯಲ್ಲಿ ಎಷ್ಟು ಪಿಕ್ಸೆಲ್, ಮೆಮೊರಿ ಎಷ್ಟು ಗಿಗಾಬೈಟ್ ಎಂಬುದೇ ಮಾತು. ಹಿಂದಿನದಕ್ಕಿಂತ ಸಂಖ್ಯೆ ದೊಡ್ಡದಾಗಿದ್ದರೆ ಮೆಚ್ಚುಗೆ, ಇಲ್ಲದಿದ್ದರೆ ತಾತ್ಸಾರ. ಕೊಂಡವರಿಗೆ ಅದರಿಂದ ಆಗುವ ಪ್ರಯೋಜನವೇನು ಎಂಬ ಪ್ರಶ್ನೆ ಹಿಂದೆ ಸರಿದುಬಿಡುತ್ತದೆ. ಈ ಅಂಕಿಗಳ ಪೈಪೋಟಿಯಲ್ಲಿ ಬೇಕೆಂದೇ ಸೋತು ಮಾರುಕಟ್ಟೆಯಲ್ಲಿ ಗೆದ್ದ ಜಪಾನಿ ಎಂಜಿನಿಯರ್ ಒಬ್ಬರಿದ್ದರು. ಅವರ ಹೆಸರು ಗುನ್‌ಪೇ ಯೊಕೋಯಿ. ವಿಡಿಯೊ ಆಟಗಳ ಚರಿತ್ರೆ ಬಲ್ಲವರಿಗೆ ಅದು ಚಿರಪರಿಚಿತ. ಉಳಿದವರು ಆ ಹೆಸರನ್ನು ಕೇಳದಿದ್ದರೂ ಅವರ ಒಂದು ಉಪಾಯವನ್ನು ಒಮ್ಮೆಯಾದರೂ ಹೆಬ್ಬೆರಳಿನಿಂದ ಒತ್ತಿರುತ್ತಾರೆ.

ಯೊಕೋಯಿ ಹುಟ್ಟಿದ್ದು 1941ರ ಸೆಪ್ಟೆಂಬರ್ 10ರಂದು, ಕ್ಯೋಟೊ ನಗರದಲ್ಲಿ. ಅಲ್ಲಿನ ದೋಶಿಷಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದರು. ಅಸಾಧಾರಣ ವಿದ್ಯಾರ್ಥಿಯೇನೂ ಆಗಿರಲಿಲ್ಲ. ದೊಡ್ಡ ವಿದ್ಯುತ್ ಉಪಕರಣ ಕಂಪನಿಗಳಿಗೆ ಹಾಕಿದ ಅರ್ಜಿಗಳು ಫಲಿಸದೆ, 1965ರಲ್ಲಿ ಊರಿನಲ್ಲೇ ಇದ್ದ ನಿಂಟೆಂಡೊ ಎಂಬ ಕಂಪನಿಗೆ ಸೇರಿದರು. ಆಗ ಅದು ಇಸ್ಪೀಟು ಮಾಡುವ ಕಂಪನಿ. 1889ರಲ್ಲಿ ಹನಫುಡಾ ಎಂಬ, ಹೂವಿನ ಚಿತ್ರಗಳುಳ್ಳ ಸಾಂಪ್ರದಾಯಿಕ ಎಲೆಗಳ ತಯಾರಿಕೆಯಿಂದ ಆರಂಭವಾದದ್ದು. ಎಲೆಗಳನ್ನು ತಯಾರಿಸುವ ಯಂತ್ರಗಳನ್ನು ಸುಸ್ಥಿತಿಯಲ್ಲಿಡುವುದು ಯೊಕೋಯಿ ಅವರ ಕೆಲಸ. ಯಂತ್ರಗಳು ಸರಿಯಾಗಿ ನಡೆಯುತ್ತಿದ್ದಷ್ಟು ಹೊತ್ತು ಅವರಿಗೆ ಮಾಡಲು ಏನೂ ಇರುತ್ತಿರಲಿಲ್ಲ.

ಬೇಸರ ಕಳೆಯಲು ಅವರು ಕಾರ್ಖಾನೆಯ ಸಲಕರಣೆಗಳಿಂದಲೇ ಒಂದು ಆಟಿಕೆ ಮಾಡಿಕೊಂಡರು. ಹಿಡಿಕೆ ಒತ್ತಿದರೆ ಕತ್ತರಿಯಂತೆ ಒಂದಕ್ಕೊಂದು ಹೆಣೆದ ಪಟ್ಟಿಗಳು ಚಾಚಿಕೊಂಡು ದೂರದ ವಸ್ತುವನ್ನು ಹಿಡಿಯುವ ಕೃತಕ ತೋಳು ಅದು. ಕಂಪನಿಯ ಅಧ್ಯಕ್ಷ ಹಿರೋಶಿ ಯಮಾವುಚಿ ಅದನ್ನು ನೋಡಿಬಿಟ್ಟರು. ಕೆಲಸದ ವೇಳೆಯಲ್ಲಿ ಕಚೇರಿಯ ಸಾಮಗ್ರಿಯಿಂದ ಸ್ವಂತ ಆಟಿಕೆ ಮಾಡಿಕೊಂಡವನಿಗೆ ನಮ್ಮ ಇಲಾಖೆಗಳಲ್ಲಾಗಿದ್ದರೆ ಕಾರಣ ಕೇಳುವ ನೋಟಿಸು ಹೋಗುತ್ತಿತ್ತು. ಅದಕ್ಕೆ ಬೇಕಾದ ನಿಯಮದ ಸಂಖ್ಯೆಯನ್ನು ಈಗಲೂ ಹುಡುಕಿ ಹೇಳಬಲ್ಲೆ. ಯೊಕೋಯಿ ಸಹ ಬೈಗುಳ ನಿರೀಕ್ಷಿಸಿಯೇ ಅಧ್ಯಕ್ಷರ ಕೋಣೆಗೆ ಹೋದರಂತೆ. ಇಸ್ಪೀಟಿನ ಮಾರಾಟ ಇಳಿದಿದ್ದ ಕಾಲ ಅದು. ಟ್ಯಾಕ್ಸಿ ಸೇವೆ, ದಿಢೀರ್ ಅನ್ನ ಎಂದು ಯಮಾವುಚಿ ಏನೇನೋ ವ್ಯಾಪಾರಗಳಲ್ಲಿ ಕೈಸುಟ್ಟುಕೊಂಡಿದ್ದರು. ಆ ತೋಳನ್ನೇ ಮಾರಾಟದ ಸರಕಾಗಿ ರೂಪಿಸಲು ಅವರು ಆಜ್ಞಾಪಿಸಿದರು. 1966ರಲ್ಲಿ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಿಂದ ಹೊರಬಂದ ಆ ಆಟಿಕೆ ಹನ್ನೆರಡು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಯಂತ್ರ ನೋಡಿಕೊಳ್ಳುತ್ತಿದ್ದವರು ಆಟಿಕೆಗಳ ವಿನ್ಯಾಸಕಾರರಾದರು.

ಮುಂದಿನ ಕೆಲವು ವರ್ಷಗಳ ಆಟಿಕೆಗಳಲ್ಲಿ ಅವರ ಮುಂದಿನ ಮಾರ್ಗದ ಸುಳಿವಿದೆ. 1969ರ ಲವ್ ಟೆಸ್ಟರ್ ಎಂಬುದರಲ್ಲಿ ಇದ್ದದ್ದು ವಿದ್ಯುತ್ ಪ್ರವಾಹ ಅಳೆಯುವ ಸಾಧಾರಣ ಮೀಟರ್ ಮಾತ್ರ. ಇಬ್ಬರು ಪರಸ್ಪರ ಕೈ ಹಿಡಿದು ಅದರ ಎರಡು ತುದಿಗಳನ್ನು ಮುಟ್ಟಿದರೆ ಮುಳ್ಳು ಓಡಿ ಅವರ ಪ್ರೀತಿಯ ಪ್ರಮಾಣವನ್ನು ತೋರಿಸುತ್ತಿತ್ತು. ವಾಸ್ತವದಲ್ಲಿ ಅಂಗೈಯ ಬೆವರನ್ನು ಅಳೆಯುತ್ತಿತ್ತೆನ್ನಬಹುದು. ಆದರೆ ಹುಡುಗ ಹುಡುಗಿಯರು ಕೈ ಹಿಡಿಯಲು ನೆಪ ಬೇಕಿದ್ದ ಸಮಾಜದಲ್ಲಿ ಮೀಟರಿಗೆ ಸಿಕ್ಕಿದ ಈ ಹೊಸ ಉದ್ಯೋಗ ಜಾಣತನದ್ದು. ಶಾರ್ಪ್ ಕಂಪನಿಯ ಸೌರಕೋಶಗಳನ್ನು ಗುರಿಫಲಕದಲ್ಲಿಟ್ಟು ಬೆಳಕಿನಿಂದ ಗುಂಡು ಹೊಡೆಯುವ ಬಂದೂಕುಗಳನ್ನೂ ಮಾಡಿದರು. ಅದನ್ನೇ ಹಿಗ್ಗಿಸಿ, ಖಾಲಿ ಬಿದ್ದಿದ್ದ ಬೌಲಿಂಗ್ ಅಂಗಳಗಳನ್ನು ಕೃತಕ ಬೇಟೆಯ ಮೈದಾನಗಳನ್ನಾಗಿಸುವ ದೊಡ್ಡ ಯೋಜನೆ 1973ರಲ್ಲಿ ಶುರುವಾಯಿತು. ಆ ವರ್ಷದ ತೈಲ ಬಿಕ್ಕಟ್ಟಿನಲ್ಲಿ ಆದೇಶಗಳು ರದ್ದಾಗಿ ಕಂಪನಿ ಸಾಲದಲ್ಲಿ ಮುಳುಗಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಯೊಕೋಯಿ ಜೀವನದ ಅತ್ಯಂತ ಸ್ವಾರಸ್ಯದ ಭಾಗ ಬರುವುದು ಇದರ ನಂತರ. ಎಪ್ಪತ್ತರ ದಶಕದಲ್ಲಿ ಜಪಾನಿನ ಶಾರ್ಪ್ ಮತ್ತು ಕ್ಯಾಸಿಯೊ ಕಂಪನಿಗಳ ನಡುವೆ ಕ್ಯಾಲ್ಕುಲೇಟರುಗಳ ಬೆಲೆಯುದ್ಧ ನಡೆಯಿತು. 1972ರಲ್ಲಿ ಕ್ಯಾಸಿಯೊ ತನ್ನ ಮಿನಿ ಕ್ಯಾಲ್ಕುಲೇಟರನ್ನು 12,800 ಯೆನ್ನಿಗೆ ಬಿಟ್ಟಾಗಲೇ ಅದು ಅಗ್ಗವೆನಿಸಿತ್ತು. ದಶಕ ಮುಗಿಯುವ ವೇಳೆಗೆ ಕ್ಯಾಲ್ಕುಲೇಟರು ಜೇಬಿನಲ್ಲಿ ಅಡಗುವಷ್ಟು ತೆಳುವಾಗಿ, ಯಾರು ಬೇಕಾದರೂ ಕೊಳ್ಳುವಷ್ಟು ಸೋವಿಯಾಯಿತು. ಕೊಳ್ಳಬೇಕಾದವರೆಲ್ಲ ಕೊಂಡಾದ ಮೇಲೆ ಎಲ್‌ಸಿಡಿ ಪರದೆ ಮತ್ತು ಚಿಪ್ಪುಗಳನ್ನು ತಯಾರಿಸುವ ಸಾಮರ್ಥ್ಯ ಹೇರಳವಾಗಿ ಉಳಿದು, ಅದಕ್ಕೆ ತಕ್ಕ ಬೇಡಿಕೆ ಇಲ್ಲವಾಯಿತು. ಒಬ್ಬರ ಯುದ್ಧದಲ್ಲಿ ಮಿಕ್ಕ ಮದ್ದುಗುಂಡು ಮತ್ತೊಬ್ಬರಿಗೆ ಒದಗಲು ಹದವಾದ ಸಮಯ.

ಶಿಂಕಾನ್‌ಸೆನ್ ರೈಲಿನಲ್ಲಿ ಹೋಗುತ್ತಿದ್ದಾಗ, ಬೇಸರಗೊಂಡ ನೌಕರನೊಬ್ಬ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಕಾಲ ಕಳೆಯುವುದನ್ನು ಯೊಕೋಯಿ ಕಂಡರು. ಸಂಭಾವಿತ ವಯಸ್ಕ ಜನರ ಎದುರಿಗೆ ಆಡಲು ನಾಚುತ್ತಾನೆ. ಹಾಗಾಗಿ ಮಡಿಲಲ್ಲಿಟ್ಟ ಎರಡು ಕೈಗಳ ನಡುವೆ ಅಡಗುವ, ಹೆಬ್ಬೆರಳುಗಳಿಂದಲೇ ಆಡಬಹುದಾದ ಯಂತ್ರ ಬೇಕೆಂದು ಅವರಿಗೆ ಹೊಳೆಯಿತು. ಒಂದು ದಿನ ಅಧ್ಯಕ್ಷರ ಕಾರನ್ನು ಓಡಿಸುವವರಿಲ್ಲದೆ ಯೊಕೋಯಿ ಅವರೇ ಚಾಲಕರಾಗಿ ಹೋಗಬೇಕಾಯಿತು. ದಾರಿಯಲ್ಲಿ ಮಾತಿಗೆ ಮಾತು ಬಂದು ಈ ಯೋಚನೆಯನ್ನು ಅಧ್ಯಕ್ಷರಿಗೆ ಹೇಳಿದರು. ಯಮಾವುಚಿ ಅಂದು ಹೊರಟಿದ್ದ ಸಭೆಯಲ್ಲಿ ಶಾರ್ಪ್ ಕಂಪನಿಯ ಮುಖ್ಯಸ್ಥರೂ ಇದ್ದರು. ಒಂದು ವಾರದಲ್ಲಿ ಶಾರ್ಪ್‌ನ ಹಿರಿಯ ಅಧಿಕಾರಿಗಳು ನಿಂಟೆಂಡೊ ಬಾಗಿಲಿಗೆ ಬಂದಿದ್ದರು.

ಹೀಗೆ 1980ರ ಏಪ್ರಿಲಿನಲ್ಲಿ ಹುಟ್ಟಿದ್ದು ಗೇಮ್ ಅಂಡ್ ವಾಚ್. ಕ್ಯಾಲ್ಕುಲೇಟರಿನ ಪರದೆಯಲ್ಲಿ ಎಂಟರ ಅಂಕಿಯ ಏಳು ಗೀರುಗಳು ಮೊದಲೇ ಅಚ್ಚಾಗಿದ್ದು, ಬೇಕಾದವು ಮಾತ್ರ ಕಪ್ಪಾಗುತ್ತವೆ. ಯೊಕೋಯಿ ಗೀರುಗಳ ಜಾಗದಲ್ಲಿ ಮನುಷ್ಯನ, ಚೆಂಡಿನ ಹಲವು ಭಂಗಿಗಳನ್ನು ಅಚ್ಚುಮಾಡಿಸಿದರು. ಒಂದಾದ ಮೇಲೊಂದು ಕಪ್ಪಾದಾಗ ಬೊಂಬೆ ಚಲಿಸಿದಂತೆ ಕಾಣುತ್ತಿತ್ತು. ಆಟ ಮುಗಿದರೆ ಅದೊಂದು ಗಡಿಯಾರ. ಹೊಸ ತಂತ್ರಜ್ಞಾನ ಎಂಬುದು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಮುಂದಿನ ಒಂದು ದಶಕದಲ್ಲಿ ಈ ಸರಣಿಯ ಯಂತ್ರಗಳು 4 ಕೋಟಿ 34 ಲಕ್ಷ ಮಾರಾಟವಾಗಿ ಕಂಪನಿಯ ಸಾಲವನ್ನು ತೀರಿಸಿದವು.

ತಮ್ಮ ಈ ವಿಧಾನಕ್ಕೆ ಅವರು ಒಂದು ಹೆಸರನ್ನೂ ಕೊಟ್ಟಿದ್ದರು. ಇಂಗ್ಲಿಷಿನ ಅನುವಾದಕರು ಅದನ್ನು ಬಾಡಿದ ತಂತ್ರಜ್ಞಾನದ ಬಗೆಗಿನ ಅಡ್ಡಚಿಂತನೆ ಎಂಬರ್ಥದಲ್ಲಿ ತಂದಿದ್ದಾರೆ. ಜಪಾನಿ ಮೂಲದ ಪದಕ್ಕೆ ಬಾಡಿದ್ದು ಎಂಬ ಅರ್ಥವಿರುವಂತೆ ಮಾಗಿದ್ದು ಎಂಬ ಅರ್ಥವೂ ಇದೆ. ನಮ್ಮ ಪಳಗಿದ ಎಂಬ ಮಾತು ಅದಕ್ಕೆ ಹೆಚ್ಚು ಹತ್ತಿರವೆಂದು ನನಗನ್ನಿಸುತ್ತದೆ. ಪಳಗಿದ ವಸ್ತುವಿನ ದೋಷಗಳು ಗೊತ್ತಿರುತ್ತವೆ, ಬೆಲೆ ಇಳಿದಿರುತ್ತದೆ, ರಿಪೇರಿ ಬಲ್ಲವರು ಇರುತ್ತಾರೆ. ಅದಕ್ಕೆ ಯಾರೂ ಯೋಚಿಸದ ಬಳಕೆಯನ್ನು ಹುಡುಕುವುದರಲ್ಲಿ ಮಾತ್ರ ವಿನ್ಯಾಸಕಾರ ಬುದ್ಧಿ ಖರ್ಚು ಮಾಡಬೇಕು.

1982ರಲ್ಲಿ ಡಾಂಕಿ ಕಾಂಗ್ ಆಟವನ್ನು ಗೇಮ್ ಅಂಡ್ ವಾಚ್‌ಗೆ ಅಳವಡಿಸುವಾಗ ಮಡಿಸುವ ಪುಟ್ಟ ಯಂತ್ರದಿಂದ ಹೊರಚಾಚುವ ಜಾಯ್‌ಸ್ಟಿಕ್ ಇಡುವುದು ಅಸಾಧ್ಯವಾಯಿತು. ಅದರ ಬದಲು ಅವರು ಕೂಡುವ ಚಿಹ್ನೆಯ ಆಕಾರದ ಚಪ್ಪಟೆ ಗುಂಡಿಯೊಂದನ್ನು ರೂಪಿಸಿದರು. ನೋಡದೆಯೇ ಹೆಬ್ಬೆರಳಿಗೆ ನಾಲ್ಕು ದಿಕ್ಕುಗಳು ತಿಳಿಯುತ್ತಿದ್ದವು. ಮರುವರ್ಷ ಬಂದ ಫ್ಯಾಮಿಕಾಮ್ ಯಂತ್ರದ ಮೂಲಕ ಅದು ಜಗತ್ತಿಗೆಲ್ಲ ಹರಡಿತು. ತೊಂಬತ್ತರ ದಶಕದಲ್ಲಿ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಟಿ.ವಿ. ಗೇಮ್ ಎಂಬ ಹೆಸರಿನಲ್ಲಿ ಬಂದ ಅಗ್ಗದ ನಕಲು ಯಂತ್ರಗಳಲ್ಲಿಯೂ ಎಡಗೈ ಬದಿಗಿದ್ದದ್ದು ಅದೇ ಗುಂಡಿ. ಆ ಮಕ್ಕಳಿಗೆ ಯೊಕೋಯಿ ಹೆಸರು ತಿಳಿದಿರಲಿಲ್ಲ; ಅವರ ಪಾಲಕರಿಗೆ ಆ ಯಂತ್ರ ಪರೀಕ್ಷೆಯ ಶತ್ರು ಎಂಬುದಷ್ಟೇ ತಿಳಿದಿತ್ತು.

ಅವರ ಹೆಸರು ನಿಂತಿರುವುದು ಮುಖ್ಯವಾಗಿ 1989ರ ಏಪ್ರಿಲ್ 21ರಂದು ಜಪಾನಿನಲ್ಲಿ ಬಿಡುಗಡೆಯಾದ ಗೇಮ್ ಬಾಯ್ ಮೇಲೆ. ಬೆಲೆ 12,500 ಯೆನ್. ಪರದೆಯ ಅಗಲ 160 ಪಿಕ್ಸೆಲ್, ಎತ್ತರ 144. ಬಣ್ಣವಿಲ್ಲ, ಹಸಿರು ಛಾಯೆಯ ನಾಲ್ಕು ಮಟ್ಟಗಳಷ್ಟೇ. ಪರದೆಯ ಹಿಂದೆ ದೀಪವೂ ಇರಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಅಟಾರಿ ಕಂಪನಿಯ ಲಿಂಕ್ಸ್, ಮರುವರ್ಷ ಜಪಾನಿನಲ್ಲಿ ಸೆಗಾ ಕಂಪನಿಯ ಗೇಮ್ ಗೇರ್ ಬಂದವು. ಎರಡರಲ್ಲೂ ಬೆಳಗುವ ಬಣ್ಣದ ಪರದೆಯಿತ್ತು. ಬಣ್ಣ, ಬೆಳಕಿನ ವಿಷಯದಲ್ಲಿ ಗೇಮ್ ಬಾಯ್ ಹಿಂದೆ. ಆದರೆ ಆ ಬಣ್ಣದ ಯಂತ್ರಗಳು ಆರು ಪೆನ್ಸಿಲ್ ಸೆಲ್ಲುಗಳನ್ನು ನಾಲ್ಕೈದು ಗಂಟೆಗಳಲ್ಲಿ ನುಂಗಿಬಿಡುತ್ತಿದ್ದವು. ಗೇಮ್ ಬಾಯ್ ನಾಲ್ಕು ಸೆಲ್ಲುಗಳಲ್ಲಿ ಸುಮಾರು ಹದಿನೈದು ಗಂಟೆ ನಡೆಯುತ್ತಿತ್ತು. ಅಮೆರಿಕದಲ್ಲಿ ಲಿಂಕ್ಸ್ ಬೆಲೆ ಗೇಮ್ ಬಾಯ್ ಬೆಲೆಯ ಎರಡರಷ್ಟಿತ್ತು. ಬ್ಯಾಟರಿಯ ಖರ್ಚು ಕೊಡಬೇಕಾದವರು ತಂದೆತಾಯಿಗಳು ಎಂಬ ಸರಳ ಸತ್ಯವನ್ನು ಪ್ರತಿಸ್ಪರ್ಧಿಗಳು ಮರೆತಿದ್ದರು. ಆಟದಲ್ಲಿ ಮುಳುಗಿದವನ ಕಲ್ಪನೆ ಬಣ್ಣವನ್ನು ತಾನೇ ತುಂಬಿಕೊಳ್ಳುತ್ತದೆ ಎಂಬುದು ಯೊಕೋಯಿ ಅವರ ನಂಬಿಕೆಯಾಗಿತ್ತು. ಅಮೆರಿಕದಲ್ಲಿ ಯಂತ್ರದ ಜೊತೆಗೇ ಕೊಟ್ಟ ಟೆಟ್ರಿಸ್ ಆಟ, ಅಂದರೆ ರಷ್ಯದ ಅಲೆಕ್ಸಿ ಪಾಜಿಟ್ನೋವ್ ರಚಿಸಿದ ಬೀಳುವ ಇಟ್ಟಿಗೆಗಳ ಆಟ, ಆ ನಂಬಿಕೆಗೆ ಒತ್ತಾಸೆಯಾಯಿತು. ಅದಕ್ಕೆ ಬಣ್ಣದ ಅಗತ್ಯವೇ ಇರಲಿಲ್ಲ.

ಈ ಯಶಸ್ಸಿನ ಸಂಪೂರ್ಣ ಶ್ರೇಯವನ್ನು ಯೊಕೋಯಿ ಒಬ್ಬರಿಗೇ ಕೊಡುವುದು ನ್ಯಾಯವಲ್ಲ. ಅವರ ಕೈಕೆಳಗೆ ದುಡಿದ ಸತೋರು ಒಕಾಡಾ ನಂತರದ ವರ್ಷಗಳಲ್ಲಿ ಹೇಳಿಕೊಂಡಿರುವ ಪ್ರಕಾರ, ಯೊಕೋಯಿ ಮನಸ್ಸಿನಲ್ಲಿದ್ದದ್ದು ಗೇಮ್ ಅಂಡ್ ವಾಚ್‌ನ ಮುಂದುವರಿಕೆಯಂಥ ಸರಳ ಆಟಿಕೆ. ಕಾರ್ಟ್ರಿಜ್ ಬದಲಾಯಿಸುತ್ತ ವರ್ಷಗಟ್ಟಲೆ ಬಾಳುವ ಗಟ್ಟಿ ಯಂತ್ರವಾಗಲಿ ಎಂದು ವಾದಿಸಿ ಗೆದ್ದವರು ಒಕಾಡಾ. ಅಧೀನನ ವಾದಕ್ಕೆ ಮಣಿದದ್ದು ಯೊಕೋಯಿ ಅವರ ಹಿರಿಮೆಯನ್ನು ಕುಗ್ಗಿಸುವುದಿಲ್ಲ. ಮಣಿಯದ ಮೇಲಧಿಕಾರಿಗಳನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಗೇಮ್ ಬಾಯ್ ಮತ್ತು 1998ರಲ್ಲಿ ಬಂದ ಅದರ ಬಣ್ಣದ ಆವೃತ್ತಿ ಸೇರಿ 11 ಕೋಟಿ 86 ಲಕ್ಷಕ್ಕೂ ಹೆಚ್ಚು ಮಾರಾಟವಾದವು. 1991ರ ಕೊಲ್ಲಿ ಯುದ್ಧದಲ್ಲಿ ಸುಟ್ಟು ಕರಗಿದ ಹೊರಕವಚದ ಒಂದು ಗೇಮ್ ಬಾಯ್ ನ್ಯೂಯಾರ್ಕಿನ ನಿಂಟೆಂಡೊ ಮಳಿಗೆಯಲ್ಲಿ ಬಹುಕಾಲ ಪ್ರದರ್ಶನಕ್ಕಿತ್ತು. ಅದರ ಪರದೆಯ ಮೇಲೆ ಟೆಟ್ರಿಸ್ ಓಡುತ್ತಲೇ ಇತ್ತು.

ಇಷ್ಟು ಗೆದ್ದವರು ಹೇಗೆ ಸೋತರು ಎಂಬುದನ್ನೂ ಹೇಳಬೇಕು. 1995ರ ಜುಲೈನಲ್ಲಿ ಹೊರಬಂದ ವರ್ಚುವಲ್ ಬಾಯ್ ಎರಡು ಕಣ್ಣುಗಳಿಗೂ ಬೇರೆಬೇರೆ ಚಿತ್ರ ತೋರಿಸಿ ಆಳದ ಭ್ರಮೆ ಹುಟ್ಟಿಸುವ ಯಂತ್ರ. ಇಲ್ಲಿಯೂ ಅವರು ಅಗ್ಗದ ಕೆಂಪು ಎಲ್‌ಇಡಿಗಳನ್ನೇ ಆರಿಸಿಕೊಂಡರು. ಪ್ರಖರ ನೀಲಿ ಎಲ್‌ಇಡಿ ಮಾರುಕಟ್ಟೆಗೆ ಬಂದು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಕೆಂಪು ಗೆರೆಗಳ ಜಗತ್ತು ಅದು. ತಲೆಗೆ ತೊಡುವಂತಿರಲಿಲ್ಲ, ಮೇಜಿನ ಮೇಲಿಟ್ಟು ಬಗ್ಗಿ ಮುಖವಿಡಬೇಕಿತ್ತು. ಆಡಿದವರು ತಲೆನೋವಿನ ದೂರು ಹೇಳಿದರು. ಸುಮಾರು 7 ಲಕ್ಷ 70 ಸಾವಿರ ಯಂತ್ರಗಳನ್ನು ಮಾರಿ, ವರ್ಷ ತುಂಬುವ ಮೊದಲೇ ಕಂಪನಿ ಅದನ್ನು ಕೈಬಿಟ್ಟಿತು. ಅಗ್ಗದ ಬಿಡಿಭಾಗ ಎಂಬ ಸೂತ್ರವನ್ನು ಯೊಕೋಯಿ ಇಲ್ಲಿಯೂ ಪಾಲಿಸಿದ್ದರು. ರೈಲಿನ ಪ್ರಯಾಣಿಕನನ್ನು ಮರೆತರು ಎಂಬುದು ನನ್ನ ಎಣಿಕೆ. ಗೇಮ್ ಅಂಡ್ ವಾಚ್ ಜನರ ನಡುವೆ ಕುಳಿತವನ ಅಂಗೈಯಲ್ಲಿ ಅಡಗಿತ್ತು. ಇದು ಆಡುವವನನ್ನು ಕತ್ತಲ ಗೂಡಿನೊಳಗೆ ಒಂಟಿಯಾಗಿಸಿತು.

1996ರ ಜುಲೈನಲ್ಲಿ, ಗೇಮ್ ಬಾಯ್‌ನ ತೆಳುವಾದ ಪಾಕೆಟ್ ಮಾದರಿ ಹೊರಬಂದ ನಂತರ, ಆಗಸ್ಟ್ 15ರಂದು ಯೊಕೋಯಿ ಮೂರು ದಶಕಗಳ ನೌಕರಿಗೆ ರಾಜೀನಾಮೆ ಕೊಟ್ಟರು. ವರ್ಚುವಲ್ ಬಾಯ್ ಸೋಲಿಗೆ ತಲೆದಂಡ ಎಂದು ಹೊರಗಿನವರು ಆಡಿಕೊಂಡರು. ಸ್ವಂತದ್ದೇನಾದರೂ ಮಾಡುವ ಆಸೆ ತಮಗೆ ಮೊದಲಿನಿಂದ ಇತ್ತೆಂದು ಅವರು ತಿಳಿಸಿದ್ದರು. ಎರಡೂ ನಿಜವಿರಬಹುದು. ಜೀವಮಾನವಿಡೀ ಒಂದೇ ಕಂಪನಿಯ ಉದ್ಯೋಗ ರೂಢಿಯಾಗಿದ್ದ ಜಪಾನಿನಲ್ಲಿ ಐವತ್ತೈದರ ಅಂಚಿನಲ್ಲಿ ಹೊಸದಾಗಿ ಆರಂಭಿಸುವುದು ಹಗುರವಾದ ನಿರ್ಧಾರವಲ್ಲ. ಕ್ಯೋಟೊದಲ್ಲಿ ಕೋಟೊ ಎಂಬ ಪುಟ್ಟ ಸಂಸ್ಥೆ ತೆರೆದು, ಬಂಡೈ ಕಂಪನಿಗಾಗಿ ಹೊಸ ಕೈಯಂತ್ರದ ವಿನ್ಯಾಸಕ್ಕೆ ತೊಡಗಿದರು. ಅವರು ಎದುರಿಸಬೇಕಿದ್ದದ್ದು ತಮ್ಮದೇ ಗೇಮ್ ಬಾಯ್‌ನ್ನು.

1997ರ ಅಕ್ಟೋಬರ್ 4ರಂದು ಇಶಿಕಾವಾ ಪ್ರಾಂತದ ಹೊಕುರಿಕು ಹೆದ್ದಾರಿಯಲ್ಲಿ ಅವರಿದ್ದ ಕಾರು ಮುಂದಿನ ವಾಹನಕ್ಕೆ ತಾಗಿತು. ಏನಾಗಿದೆಯೆಂದು ನೋಡಲು ಕೆಳಗಿಳಿದ ಯೊಕೋಯಿ ಅವರಿಗೆ ಹಿಂದಿನಿಂದ ಬಂದ ಮತ್ತೊಂದು ಕಾರು ಬಡಿಯಿತು. ಆಗ ಅವರಿಗೆ 56 ವರ್ಷ.

ಅವರು ಆರಂಭಿಸಿದ್ದ ಯಂತ್ರ ವಂಡರ್‌ಸ್ವಾನ್ ಎಂಬ ಹೆಸರಿನಿಂದ 1999ರ ಮಾರ್ಚ್ 4ರಂದು ಜಪಾನಿನ ಅಂಗಡಿಗಳಿಗೆ ಬಂತು. ಬೆಲೆ 4,800 ಯೆನ್, ಪರದೆ ಕಪ್ಪು ಬಿಳುಪು. ಗೇಮ್ ಬಾಯ್‌ಗೆ ನಾಲ್ಕು ಸೆಲ್ ಬೇಕಿದ್ದರೆ ಇದಕ್ಕೆ ಒಂದೇ ಸಾಕಾಗಿತ್ತು. ಆ ಒಂದರಲ್ಲಿ ಮೂವತ್ತು ಗಂಟೆಗೂ ಮೇಲೆ ಆಡಬಹುದಿತ್ತು. ಅದರೊಂದಿಗೆ ಬಂದ ಆಟಗಳಲ್ಲಿ ಒಂದು, ಮುರಿದ ಗೆರೆಗಳನ್ನು ಮೇಲೆ ಕೆಳಗೆ ಸರಿಸಿ ಪರದೆಯ ಎಡ ಅಂಚಿನಿಂದ ಬಲ ಅಂಚಿನವರೆಗೆ ಒಂದೇ ಗೆರೆಯಾಗಿ ಜೋಡಿಸುವ ಒಗಟು. ಅದಕ್ಕೆ ಗುನ್‌ಪೇ ಎಂದು ಹೆಸರಿಟ್ಟಿದ್ದರು.