ವಜ್ರಕಾಯವೂ ಬಯಲೂ

1995ರ ಜಪಾನೀ ಚಿತ್ರ ‘ಘೋಸ್ಟ್ ಇನ್ ದ ಶೆಲ್’ನ ನಾಯಕಿ ಮೊಟೊಕೊ, ಮಿದುಳೊಂದನ್ನುಳಿದು ಸರ್ವಾಂಗವೂ ಯಂತ್ರವಾದವಳು. ಪರರ ಮನಸ್ಸಿಗೂ ಕನ್ನವಿಕ್ಕುವ ಆ ಕಾಲದಲ್ಲಿ ತಾನಾರೆಂದು ಆಕೆ ಕೇಳಿಕೊಳ್ಳುತ್ತಾಳೆ. ಕಮಲನಗರದಲ್ಲಿ ಕನ್ನಡ ಪಾಠ ಹೇಳುವ ನನಗೆ ಅದನ್ನು ಕಂಡಾಗ ನೆನಪಾದವನು, ನಮ್ಮ ಜಿಲ್ಲೆಯ ಕಲ್ಯಾಣದಲ್ಲಿ ಶೂನ್ಯಸಿಂಹಾಸನವನ್ನೇರಿದ ಅಲ್ಲಮಪ್ರಭು.

ಹನ್ನೆರಡನೆಯ ಶತಮಾನದ ಈ ಮದ್ದಳೆಗಾರ ಬಳ್ಳಿಗಾವಿಯವನು. ಚಾಮರಸನ ಅಲ್ಲಮ ಮಾಯೆಗೆ ಸಿಲುಕದವನು. ಹರಿಹರನ ಅಲ್ಲಮನಾದರೋ ಕಾಮಲತೆಗೆ ಒಲಿದು, ಆಕೆ ಜ್ವರದಿಂದ ತೀರಿಕೊಂಡಾಗ ಮರುಳನಂತೆ ಅಲೆದವನು. ನಾನು ಹರಿಹರನ ಪಕ್ಷ. ಆ ಅಲೆದಾಟದಲ್ಲಿಯೇ, ಮಣ್ಣಿನಲ್ಲಿ ಹೂತುಹೋಗಿದ್ದ ಗುಡಿಯೊಳಗೆ ಅನಿಮಿಷನ ಲಿಂಗ ಅವನ ಕೈಸೇರಿತು. ಒಡನೆಯೇ ಗುರುವಿನ ಉಸಿರು ನಿಂತಿತು. ಒಡಲು ಅಳಿಯುವುದೆಂದರೇನೆಂಬುದನ್ನು ಅಲ್ಲಮ ಶಾಸ್ತ್ರದಿಂದ ಕಲಿತವನಲ್ಲ.

ಸಂಚಾರಕಾಲದಲ್ಲಿ ಎದುರಾದ ಸಿದ್ಧ ಗೋರಕ್ಷನ ಪ್ರಸಂಗ ‘ಪ್ರಭುಲಿಂಗಲೀಲೆ’ಯಲ್ಲಿದೆ. ಅವನು ಕಾಯವನ್ನೇ ವಜ್ರವಾಗಿಸಿಕೊಂಡಿದ್ದ. ಅಲ್ಲಮ ಕತ್ತಿಯಿಂದ ಹೊಡೆದರೆ ಖಣಿಲೆಂಬ ಸದ್ದಾಯಿತೇ ಹೊರತು ಗಾಯವಾಗಲಿಲ್ಲ. (ಮೊಟೊಕೊಳ ತೋಳುಗಳಾದರೂ ಕಡೆಗೆ ಕಿತ್ತುಹೋದವು.) ಆ ಸದ್ದನ್ನೇ ಅಲ್ಲಮ ಕೊರತೆಯೆಂದೆಣಿಸಿದ. ಸದ್ದಿರುವಲ್ಲಿ ತಡೆಯುವ ‘ನಾನು’ ಇನ್ನೂ ಉಳಿದಿದೆಯೆಂದು ನಾನು ಅರ್ಥಮಾಡಿಕೊಳ್ಳುತ್ತೇನೆ. ಸಾಯಲೊಲ್ಲದ ಮೈಯನ್ನು ಅವನು ಮೆಚ್ಚದಿದ್ದುದರ ಹಿಂದೆ ಕಾಮಲತೆಯ ಸಾವನ್ನೂ ಕಾಣುತ್ತೇನೆ. ಅನಂತರ ಗೋರಕ್ಷ ಕತ್ತಿ ಬೀಸಿದ. ಅದು ಬಯಲಲ್ಲಿ ಬೀಸಿದಂತೆ ಅಲ್ಲಮನನ್ನು ಹಾದುಹೋಯಿತು. ಗೋರಕ್ಷ ಶಿಷ್ಯನಾದ, ಅಲ್ಲಮ ಶ್ರೀಶೈಲದ ಕದಳಿಯಲ್ಲಿ ಬಯಲಾದನೆನ್ನುತ್ತಾರೆ.