ಬಾಲಕನೊಬ್ಬನಿಂದ ವಿಯೆಟ್ನಾಮಿ ಕಲಿತ ಪಾದ್ರಿ ಅಲೆಕ್ಸಾಂಡರ್ ಡಿ ರೋಡ್ಸ್

ಚೀನಾ, ಲಾವೋಸ್, ಕಾಂಬೋಡಿಯ, ಥಾಯ್ಲೆಂಡ್ ದೇಶಗಳು ತಮ್ಮ ಹಳೆಯ ಲಿಪಿಗಳನ್ನು ಇಂದಿಗೂ ಉಳಿಸಿಕೊಂಡಿವೆ. ಅವುಗಳ ನಡುವೆಯೇ ಇರುವ ವಿಯೆಟ್ನಾಂ ಮಾತ್ರ ತನ್ನ ನುಡಿಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುತ್ತದೆ. ಅಕ್ಷರಗಳ ಮೇಲೆ, ಕೆಳಗೆ ಚುಕ್ಕಿ, ಗೆರೆ, ಕೊಕ್ಕೆಗಳನ್ನು ಹೊತ್ತ ಈ ಬರವಣಿಗೆಗೆ ಕ್ವೊಕ್ ನ್ಗು, ಅಂದರೆ ರಾಷ್ಟ್ರಭಾಷೆ ಎಂದು ಹೆಸರು. ಇದನ್ನು ರೂಪಿಸಿದವರು ಯಾರು ಎಂದು ಕೇಳಿದರೆ ಬಹುತೇಕ ಗ್ರಂಥಗಳು ನೀಡುವ ಉತ್ತರ ಒಂದೇ: ಜೆಸ್ವಿಟ್ ಪಾದ್ರಿ ಅಲೆಕ್ಸಾಂಡರ್ ಡಿ ರೋಡ್ಸ್. ಉತ್ತರ ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ರೋಡ್ಸ್ ಅವರಿಗೆ ನುಡಿ ಕಲಿಸಿದವರ, ಅವರೊಡನೆ ಊರೂರು ಅಲೆದವರ, ಅವರ ಸ್ನೇಹಕ್ಕಾಗಿ ತಲೆ ಕೊಟ್ಟವರ ಹೆಸರುಗಳು ಅವರ ಹೆಸರಿನ ಹಿಂದೆ ಮರೆಯಾಗಿವೆ.

ರೋಡ್ಸ್ ಜನಿಸಿದ್ದು 1591ರಲ್ಲಿ (1593 ಎನ್ನುವವರೂ ಇದ್ದಾರೆ), ಅವಿನ್ಯೋನ್ ನಗರದಲ್ಲಿ. ಇಂದು ಫ್ರಾನ್ಸಿಗೆ ಸೇರಿರುವ ಆ ಊರು ಆಗ ಪೋಪರ ಆಡಳಿತದಲ್ಲಿತ್ತು. ಸ್ಪೇನಿನಿಂದ ವಲಸೆ ಬಂದ ಯಹೂದಿ ಮೂಲದ ಮನೆತನ ಅವರದು. 1612ರಲ್ಲಿ ರೋಮ್ ನಗರದಲ್ಲಿ ಜೆಸ್ವಿಟ್ ಸಂಘವನ್ನು ಸೇರಿದ ಯುವಕನ ಮನಸ್ಸೆಲ್ಲ ಜಪಾನಿನ ಮೇಲಿತ್ತು. ಅಲ್ಲಿ ಕ್ರೈಸ್ತರ ಮೇಲೆ ಹಿಂಸೆ ನಡೆಯುತ್ತಿದ್ದ ಕಾಲವದು. ಅಪಾಯವಿದ್ದಲ್ಲಿಗೇ ಹೋಗಬೇಕೆಂಬ ಹಂಬಲ ಆ ತಲೆಮಾರಿನ ಅನೇಕ ಪಾದ್ರಿಗಳಲ್ಲಿತ್ತು.

1619ರ ಏಪ್ರಿಲ್‌ನಲ್ಲಿ ಲಿಸ್ಬನ್ ಬಿಟ್ಟ ಹಡಗು ಅದೇ ವರ್ಷದ ಅಕ್ಟೋಬರ್‌ನಲ್ಲಿ ಗೋವಾ ಮುಟ್ಟಿತು. ಜಪಾನಿನ ದಾರಿ ಮುಚ್ಚಿದ್ದ ಕಾರಣ ರೋಡ್ಸ್ ಎರಡು ವರ್ಷಕ್ಕೂ ಮಿಗಿಲಾಗಿ ಗೋವಾದಲ್ಲೇ ಉಳಿಯಬೇಕಾಯಿತು. ಕಾಯಿಲೆ ಬಿದ್ದು ಸಾಲ್ಸೆಟ್ ಪ್ರದೇಶದಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ ಅಲ್ಲಿನ ಜನರ ನುಡಿಯನ್ನು ಕಲಿಯತೊಡಗಿದರು. ಪೋರ್ಚುಗೀಸರು ಅದನ್ನು ಕನಾರಿಂ ಎಂದು ಕರೆಯುತ್ತಿದ್ದರು. ಹೆಸರು ಕೇಳಿ ಕನ್ನಡವೆಂದು ಭ್ರಮಿಸಬೇಕಾಗಿಲ್ಲ, ಅದು ಕೊಂಕಣಿ. ಇಂಗ್ಲೆಂಡಿನಿಂದ ಬಂದಿದ್ದ ಪಾದ್ರಿ ಥಾಮಸ್ ಸ್ಟೀಫನ್ಸ್ ಆ ನುಡಿಗೆ ಬರೆದ ವ್ಯಾಕರಣವು ಲೇಖಕರು ತೀರಿಹೋದ ಬಹುಕಾಲದ ನಂತರ, 1640ರಲ್ಲಿ, ರಾಚೋಲಿನಲ್ಲಿ ಅಚ್ಚಾಯಿತು. ಪರನುಡಿಯನ್ನು ರೋಮನ್ ಅಕ್ಷರದಲ್ಲಿ ಹಿಡಿದಿಡುವ ಅಭ್ಯಾಸ ಆಗಲೇ ಕೊಂಕಣ ಕರಾವಳಿಯಲ್ಲಿ ಬೇರೂರಿತ್ತು. ರೋಡ್ಸ್ ಅದನ್ನು ಹತ್ತಿರದಿಂದ ಕಂಡವರು.

1622ರಲ್ಲಿ ಗೋವಾ ಬಿಟ್ಟು, ಮಲಕ್ಕಾದಲ್ಲಿ ತಿಂಗಳುಗಟ್ಟಲೆ ಕಾದು, 1623ರ ಮೇ ತಿಂಗಳಲ್ಲಿ ಮಕಾವ್ ತಲುಪಿದರು. ಅಲ್ಲಿ ಜಪಾನಿ ಭಾಷೆಯನ್ನೂ ಅಭ್ಯಾಸ ಮಾಡಿದ್ದಾಯಿತು. ಜಪಾನಿನ ಬಾಗಿಲು ಮಾತ್ರ ತೆರೆಯಲೇ ಇಲ್ಲ. ಕೊನೆಗೆ ಮೇಲಧಿಕಾರಿಗಳು ಅವರನ್ನು ಕೊಚಿನ್‌ಚೀನಾಕ್ಕೆ, ಅಂದರೆ ನುಯೆನ್ ದೊರೆಗಳು ಆಳುತ್ತಿದ್ದ ಇಂದಿನ ಮಧ್ಯ ವಿಯೆಟ್ನಾಮಿಗೆ ಕಳುಹಿಸಿದರು. 1624ರ ಡಿಸೆಂಬರ್‌ನಲ್ಲಿ ಅಲ್ಲಿಗೆ ಕಾಲಿಟ್ಟಾಗ ಅವರ ವಯಸ್ಸು ಮೂವತ್ತು ದಾಟಿತ್ತು.

ಮೂರು ವಾರದ ಗುರು

ಹೊಯ್ ಆನ್ ಆಗ ಜಪಾನಿ, ಚೀನಿ, ಪೋರ್ಚುಗೀಸ್ ವರ್ತಕರಿಂದ ತುಂಬಿದ್ದ ರೇವುಪಟ್ಟಣ. ದುಭಾಷಿಗಳಿಗೆ ಕೊರತೆ ಇರಲಿಲ್ಲ. ಹೆಚ್ಚಿನ ಪಾದ್ರಿಗಳು ದುಭಾಷಿಗಳನ್ನೇ ನೆಚ್ಚಿಕೊಂಡಿದ್ದರು. ಆದರೆ ಅಲ್ಲಿನ ಹೆಂಗಸರು ಮಾತನಾಡುವುದನ್ನು ಮೊದಲ ಸಲ ಕೇಳಿದ ರೋಡ್ಸ್ ಅವರಿಗೆ ಅದು ಮನುಷ್ಯರ ಮಾತಿಗಿಂತ ಹಕ್ಕಿಗಳ ಚಿಲಿಪಿಲಿಯಂತೆ ಭಾಸವಾಯಿತು. ಇದನ್ನು ಕಲಿಯುವುದು ತಮ್ಮಿಂದ ಆಗದ ಕೆಲಸವೆಂದು ಕೈಚೆಲ್ಲುವ ಸ್ಥಿತಿಗೆ ಬಂದಿದ್ದಾಗಿ ಅವರೇ ಮುಂದೆ ಬರೆದಿದ್ದಾರೆ.

ಕಷ್ಟ ಇದ್ದದ್ದು ರಾಗದಲ್ಲಿ. ಆ ನುಡಿಯಲ್ಲಿ ಪದಗಳೆಲ್ಲ ಒಂದೊಂದೇ ಉಸಿರಿನವು. ಒಂದೇ ಪದವನ್ನು ಆರು ಬಗೆಯ ಏರಿಳಿತದಲ್ಲಿ ನುಡಿಯಬಹುದು. ಪ್ರತಿ ಏರಿಳಿತಕ್ಕೂ ಬೇರೆಯೇ ಅರ್ಥ. ಮಾ ಎಂಬುದನ್ನು ಸಮವಾಗಿ ನುಡಿದರೆ ದೆವ್ವ, ಇಳಿಸಿದರೆ ಆದರೆ ಎಂಬ ಅವ್ಯಯ, ಏರಿಸಿದರೆ ತಾಯಿ. ಉಳಿದ ಮೂರು ರಾಗಗಳಲ್ಲಿ ಅದೇ ಗೋರಿ, ಕುದುರೆ, ಭತ್ತದ ಸಸಿ. ಧರ್ಮೋಪದೇಶ ಮಾಡಹೊರಟ ಪಾದ್ರಿ ತಾಯಿ ಎನ್ನಲು ಹೋಗಿ ದೆವ್ವ ಎಂದರೆ ಗತಿ ಏನು?

ರೋಡ್ಸ್ ಅವರ ಅದೃಷ್ಟಕ್ಕೆ ಅಲ್ಲಿ ಫ್ರಾನ್ಸಿಸ್ಕೊ ಡಿ ಪಿನಾ ಇದ್ದರು. ದುಭಾಷಿಯ ನೆರವಿಲ್ಲದೆ ವಿಯೆಟ್ನಾಮಿಯಲ್ಲೇ ಉಪದೇಶ ಮಾಡಬಲ್ಲವರಾಗಿದ್ದ ಮೊದಲ ಯುರೋಪಿಯನ್ ಎಂದು ಹೆಸರಾದ ಪೋರ್ಚುಗೀಸ್ ಪಾದ್ರಿ ಅವರು. ರಾಗಗಳಿಗೆ ಗುರುತು ಹಾಕಿ ನುಡಿಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪ್ರಯತ್ನಕ್ಕೆ ಆಗಲೇ ಕೈಹಾಕಿದ್ದರು. ಪಿನಾ ಅವರೇ ರೋಡ್ಸ್ ಅವರ ಮೊದಲ ಅಧ್ಯಾಪಕರು.

ಎರಡನೆಯ ಅಧ್ಯಾಪಕ ಹತ್ತು ಹನ್ನೆರಡು ವರ್ಷದ ಒಬ್ಬ ಸ್ಥಳೀಯ ಹುಡುಗ. ಅವನಿಗೆ ಯುರೋಪಿನ ಯಾವ ಭಾಷೆಯೂ ಬಾರದು; ರೋಡ್ಸ್ ಅವರಿಗೆ ಅವನ ಭಾಷೆ ಬಾರದು. ಆದರೂ ಪಾದ್ರಿ ಏನು ಹೇಳಲು ಹೊರಟಿದ್ದಾರೆಂಬುದನ್ನು ಹುಡುಗ ಮುಖ ನೋಡಿಯೇ ಗ್ರಹಿಸುತ್ತಿದ್ದ. ತಪ್ಪಿದಲ್ಲೆಲ್ಲ ನಿಲ್ಲಿಸಿ ಮತ್ತೆ ಹೇಳಿಸುತ್ತಿದ್ದ. ಮೂರೇ ವಾರಗಳಲ್ಲಿ ರೋಡ್ಸ್ ರಾಗಗಳನ್ನೆಲ್ಲ ಗುರುತಿಸಿ ನುಡಿಯುವಂತಾದರು. ಅಷ್ಟೇ ಅವಧಿಯಲ್ಲಿ ಹುಡುಗ ಲ್ಯಾಟಿನ್ ಓದಲು ಬರೆಯಲು ಕಲಿತು, ಪೂಜೆಯಲ್ಲಿ ಪಾದ್ರಿಗೆ ನೆರವಾಗುವಂತಾದ. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿತ್ತು. ದೀಕ್ಷೆಯ ನಂತರ ಆ ಹುಡುಗ ರಫಾಯೆಲ್ ಎಂಬ ಹೆಸರಿನೊಡನೆ ಗುರುವಿನ ಮನೆತನದ ಹೆಸರನ್ನೂ ಇಟ್ಟುಕೊಂಡ; ಮುಂದೆ ಲಾವೋಸಿನಲ್ಲಿ ಧರ್ಮಕಾರ್ಯ ನಡೆಸಿದ. ತಂದೆ ತಾಯಿ ಇಟ್ಟ ಹೆಸರು ಮಾತ್ರ ರೋಡ್ಸ್ ಅವರ ವೃತ್ತಾಂತದಲ್ಲಿ ಉಳಿದಿಲ್ಲ. ಇಷ್ಟು ದೊಡ್ಡ ಉಪಕಾರ ಮಾಡಿದವನ ಸ್ವಂತ ಹೆಸರೇ ಸಿಗದಿರುವುದು ಓದುಗರನ್ನು ಕಾಡದೆ ಇರದು.

ಆರು ತಿಂಗಳ ಹೊತ್ತಿಗೆ ರೋಡ್ಸ್ ವಿಯೆಟ್ನಾಮಿಯಲ್ಲಿ ಉಪದೇಶ ನೀಡತೊಡಗಿದ್ದರು. 1625ರ ಡಿಸೆಂಬರ್‌ನಲ್ಲಿ ಹೊಯ್ ಆನ್ ಬಳಿಯ ಸಮುದ್ರದಲ್ಲಿ ದೋಣಿ ಮಗುಚಿ ಪಿನಾ ಮುಳುಗಿ ತೀರಿಕೊಂಡರು. ಅವರಿಗಿನ್ನೂ ನಲವತ್ತರ ಆಸುಪಾಸು.

ಗಡಿಯಾರ ಕೊಟ್ಟು ಮನ ಗೆದ್ದರು

ಆ ಕಾಲದ ವಿಯೆಟ್ನಾಂ ಎರಡು ಹೋಳಾಗಿತ್ತು. ದಕ್ಷಿಣದಲ್ಲಿ ನುಯೆನ್ ಮನೆತನ, ಉತ್ತರದ ಟೊಂಕಿನ್‌ನಲ್ಲಿ ಟ್ರಿನ್ ಮನೆತನ. ಹೆಸರಿಗೆ ಮಾತ್ರ ಲೆ ವಂಶದ ಚಕ್ರವರ್ತಿ. 1627ರ ಮಾರ್ಚ್ 19ರಂದು ರೋಡ್ಸ್ ಇನ್ನೊಬ್ಬ ಪಾದ್ರಿ ಪೆರೊ ಮಾರ್ಕೆಸ್ ಜತೆಗೂಡಿ ಟೊಂಕಿನ್‌ನ ಥಾನ್ ಹೋವಾ ಕರಾವಳಿಯಲ್ಲಿ ಇಳಿದರು. ಅದೇ ವೇಳೆಗೆ ದೊರೆ ಟ್ರಿನ್ ಟ್ರಾಂಗ್ ದಕ್ಷಿಣದ ಮೇಲೆ ದಂಡೆತ್ತಿ ಹೊರಟಿದ್ದ. ಪಾದ್ರಿಗಳು ಆತನಿಗೆ ಯಂತ್ರದ ಗಡಿಯಾರವೊಂದನ್ನೂ ಮರಳಿನ ಗಡಿಯಾರವನ್ನೂ ಕಾಣಿಕೆಯಾಗಿ ನೀಡಿದರು. ದೊರೆ ಪ್ರಸನ್ನನಾದ. ರಾಜಧಾನಿ ಥಾಂಗ್ ಲಾಂಗ್‌ನಲ್ಲಿ, ಅಂದರೆ ಇಂದಿನ ಹನೋಯ್‌ನಲ್ಲಿ, ಅವರಿಗೆ ವಸತಿ ದೊರೆಯಿತು.

ದೊರೆಯ ಒಲವಿಗೆ ಗಡಿಯಾರವೊಂದೇ ಕಾರಣವಾಗಿರಲಿಲ್ಲ. ಪಾದ್ರಿಗಳ ಹಿಂದೆಯೇ ಮಕಾವ್‌ನಿಂದ ಪೋರ್ಚುಗೀಸ್ ಹಡಗುಗಳೂ ಬರುತ್ತವೆಂಬ ಲೆಕ್ಕಾಚಾರ ಅಲ್ಲಿತ್ತು. ಹಡಗು ಬಾರದಿದ್ದಾಗ ಒಲವು ಇಳಿಯಿತು. ಹಲವು ಪತ್ನಿಯರನ್ನು ಹೊಂದುವುದನ್ನು ಪಾದ್ರಿಗಳು ವಿರೋಧಿಸುತ್ತಿದ್ದುದು ಅಂತಃಪುರಗಳಲ್ಲೂ ಅಧಿಕಾರಿಗಳ ಮನೆಗಳಲ್ಲೂ ಅಸಮಾಧಾನ ಹುಟ್ಟಿಸಿತು. 1630ರ ಮೇ ತಿಂಗಳಲ್ಲಿ ರೋಡ್ಸ್ ಅವರನ್ನು ದೇಶದಿಂದ ಹೊರಹಾಕಲಾಯಿತು.

ಆ ಮೂರು ವರ್ಷಗಳಲ್ಲಿ ಸಾವಿರಾರು ಮಂದಿ ದೀಕ್ಷೆ ಪಡೆದರೆಂದು ಜೆಸ್ವಿಟ್ ವರದಿಗಳು ಹೇಳುತ್ತವೆ. ಸಂಖ್ಯೆಗಿಂತ ಮುಖ್ಯವಾದುದು ರೋಡ್ಸ್ ಕಟ್ಟಿದ ಗೆಳೆಯರ ಬಳಗ. ತಾವು ಯಾವ ಹೊತ್ತಿನಲ್ಲಾದರೂ ಹೊರದೂಡಲ್ಪಡಬಹುದೆಂದು ಅರಿತಿದ್ದ ಅವರು ಸ್ಥಳೀಯ ಯುವಕರನ್ನೇ ಧರ್ಮಬೋಧಕರನ್ನಾಗಿ ತಯಾರು ಮಾಡಿದರು. ಮದುವೆಯಾಗದೆ, ಸ್ವಂತ ಆಸ್ತಿ ಮಾಡದೆ, ಒಟ್ಟಾಗಿ ಬಾಳುವ ವ್ರತವನ್ನು ಈ ಬೋಧಕರು ತೊಟ್ಟಿದ್ದರು. ಫ್ರಾನ್ಸಿಸ್, ಆಂದ್ರೆ, ಇಗ್ನೇಷಿಯಸ್ ಎಂಬ ದೀಕ್ಷಾನಾಮಗಳಲ್ಲಿ ಅವರನ್ನು ಇತಿಹಾಸ ಗುರುತಿಸುತ್ತದೆ. ಪಾದ್ರಿಗಳಿಲ್ಲದ ವರ್ಷಗಳಲ್ಲಿ ಊರೂರು ಸುತ್ತಿದವರು ಇವರೇ.

ಮುಂದಿನ ಹತ್ತು ವರ್ಷ ರೋಡ್ಸ್ ಮಕಾವ್‌ನಲ್ಲಿ ಪಾಠ ಹೇಳಿಕೊಂಡಿದ್ದರು. 1640ರಿಂದ 1645ರವರೆಗೆ ದಕ್ಷಿಣಕ್ಕೆ ಮತ್ತೆ ಮತ್ತೆ ಹೋಗುವುದು, ಹೊರದಬ್ಬಿಸಿಕೊಂಡು ಮರಳುವುದು ನಡೆಯಿತು.

1644ರ ಜುಲೈ

ಫು ಯೆನ್ ಪ್ರಾಂತ್ಯದ ಆಂದ್ರೆ ದಕ್ಷಿಣದ ಬೋಧಕರ ಬಳಗದ ಕಿರಿಯ. ವಯಸ್ಸು ಹತ್ತೊಂಬತ್ತರ ಆಸುಪಾಸು. 1644ರ ಜುಲೈನಲ್ಲಿ ಸೈನಿಕರು ರೋಡ್ಸ್ ಅವರ ಮನೆಗೆ ನುಗ್ಗಿದ್ದು ಇಗ್ನೇಷಿಯಸ್ ಎಂಬ ಹಿರಿಯ ಬೋಧಕನನ್ನು ಹುಡುಕಿಕೊಂಡು. ಆತ ಸಿಗಲಿಲ್ಲ, ಮನೆಯಲ್ಲಿದ್ದ ಆಂದ್ರೆ ಸಿಕ್ಕಿಬಿದ್ದ. ಧರ್ಮ ಬಿಡಲು ಒಪ್ಪದ ಹುಡುಗನಿಗೆ ಮರಣದಂಡನೆ ವಿಧಿಸಲಾಯಿತು. ರೋಡ್ಸ್ ಹಾಗೂ ಪೋರ್ಚುಗೀಸ್ ವರ್ತಕರು ಅಧಿಕಾರಿಯಲ್ಲಿ ಮೊರೆಯಿಟ್ಟರೂ ಫಲ ಸಿಗಲಿಲ್ಲ. ಜುಲೈ 26ರಂದು ವಧಾಸ್ಥಾನದಲ್ಲಿ ರೋಡ್ಸ್ ಆತನ ಪಕ್ಕದಲ್ಲೇ ಇದ್ದರು. ಶವವನ್ನು ಮಕಾವ್‌ಗೆ ಕಳುಹಿಸಲಾಯಿತು. ಶಿರಸ್ಸನ್ನು ಮಾತ್ರ ಮುಂದೆ ರೋಡ್ಸ್ ತಮ್ಮೊಡನೆ ರೋಮ್‌ಗೆ ಕೊಂಡೊಯ್ದರು. 2000ದ ಮಾರ್ಚ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ಆಂದ್ರೆಗೆ ಪುನೀತ ಪದವಿ ನೀಡಿದರು.

ಮರುವರ್ಷ ರೋಡ್ಸ್ ಅವರೂ ಸೆರೆ ಸಿಕ್ಕರು. ಅವರಿಗೆ ವಿಧಿಸಿದ ಮರಣದಂಡನೆ ಗಡಿಪಾರಾಗಿ ಬದಲಾಯಿತು. 1645ರ ಜುಲೈ 3ರಂದು ಹಡಗು ಹತ್ತಿದ ಅವರು ಮತ್ತೆಂದೂ ವಿಯೆಟ್ನಾಂ ಮಣ್ಣನ್ನು ಕಾಣಲಿಲ್ಲ. ಗೆಳೆಯರಿಗೆ ಅಂಥ ರಿಯಾಯಿತಿ ಸಿಗಲಿಲ್ಲ. ಅವರು ಹೊರಟ ಕೆಲವೇ ವಾರಗಳಲ್ಲಿ ಇಗ್ನೇಷಿಯಸ್ ಹಾಗೂ ವಿನ್ಸೆಂಟ್ ಎಂಬ ಬೋಧಕರ ಶಿರಚ್ಛೇದವಾಯಿತು. ಇನ್ನು ಏಳು ಮಂದಿಯ ಒಂದೊಂದು ಬೆರಳನ್ನು ಕತ್ತರಿಸಲಾಯಿತು. ಪರದೇಶದ ಪಾದ್ರಿಗೆ ಹಡಗು, ಊರಿನವನಿಗೆ ಕತ್ತಿ. ರೋಡ್ಸ್ ಅವರ ಜೀವನಚರಿತ್ರೆ ಬರೆದ ಭಕ್ತರು ಈ ವ್ಯತ್ಯಾಸವನ್ನು ಅಷ್ಟಾಗಿ ಚರ್ಚಿಸುವುದಿಲ್ಲ.

ರೋಮ್‌ನಲ್ಲಿ ಅಚ್ಚಾದ ನಿಘಂಟು

ಮರಳುವ ದಾರಿಯೂ ಸುಗಮವಾಗಿರಲಿಲ್ಲ. ಬಟಾವಿಯಾದಲ್ಲಿ ಪೂಜೆ ಸಲ್ಲಿಸಿದ ತಪ್ಪಿಗೆ ಡಚ್ಚರು ಸೆರೆಗೆ ಹಾಕಿದರು. ಸೂರತ್, ಪರ್ಷಿಯಾ, ಆರ್ಮೇನಿಯಾ ಹಾದು 1649ರ ಜೂನ್‌ನಲ್ಲಿ ರೋಮ್ ಸೇರಿದರು. ಎರಡು ವರ್ಷಗಳ ನಂತರ, 1651ರಲ್ಲಿ, ಅವರ ಎರಡು ಕೃತಿಗಳು ಅಲ್ಲಿ ಅಚ್ಚಾದವು. ಒಂದು, ವಿಯೆಟ್ನಾಮಿ-ಪೋರ್ಚುಗೀಸ್-ಲ್ಯಾಟಿನ್ ನಿಘಂಟು, ಜತೆಗೊಂದು ಕಿರು ವ್ಯಾಕರಣ. ಇನ್ನೊಂದು, ಎಂಟು ದಿನಗಳ ಧರ್ಮಬೋಧೆ: ಪುಟದ ಒಂದು ಅಂಕಣದಲ್ಲಿ ಲ್ಯಾಟಿನ್, ಮತ್ತೊಂದರಲ್ಲಿ ವಿಯೆಟ್ನಾಮಿ.

ನಿಘಂಟಿಗಾಗಿ ರೋಮ್‌ನ ಮುದ್ರಣಾಲಯದಲ್ಲಿ ವಿಶೇಷ ಅಚ್ಚುಮೊಳೆಗಳೇ ಬೇಕಾದವು. ಪದದ ಮೇಲಿನ ಅಲೆಗೆರೆ ಪೋರ್ಚುಗೀಸಿನದು. ಇನ್ನು ಕೆಲವು ಗುರುತುಗಳು ಗ್ರೀಕ್ ಬರಹದಿಂದ ಬಂದವು. ಈ ಕೆಲಸ ತಮ್ಮೊಬ್ಬರದೇ ಎಂದು ರೋಡ್ಸ್ ಹೇಳಿಕೊಳ್ಳಲಿಲ್ಲ. ಗ್ಯಾಸ್ಪರ್ ಡೊ ಅಮರಾಲ್ ಮತ್ತು ಆಂಟೋನಿಯೊ ಬಾರ್ಬೋಸಾ ಎಂಬ ಪೋರ್ಚುಗೀಸ್ ಪಾದ್ರಿಗಳು ಬರೆದಿಟ್ಟಿದ್ದ ಹಸ್ತಪ್ರತಿ ನಿಘಂಟುಗಳನ್ನು ಬಳಸಿಕೊಂಡಿರುವುದಾಗಿ ಮುನ್ನುಡಿಯಲ್ಲೇ ತಿಳಿಸಿದ್ದಾರೆ. ಇಬ್ಬರೂ ಅಷ್ಟರಲ್ಲಿ ತೀರಿಕೊಂಡಿದ್ದರು. ಕೈಬರಹದ ಆ ನಿಘಂಟುಗಳು ಕಳೆದುಹೋದವು, ಅಚ್ಚಾದ ಪುಸ್ತಕ ಉಳಿಯಿತು. ಕೀರ್ತಿಯೂ ಅಚ್ಚಿನ ಹಿಂದೆಯೇ ಹೋಯಿತು.

ಮುಂದಿನ ಎರಡು ಶತಮಾನ ಈ ಬರಹ ಚರ್ಚಿನ ಗೋಡೆಗಳ ಒಳಗೇ ಇತ್ತು. ಇದೇ ಪರಂಪರೆಯ ಇನ್ನೊಂದು ದೊಡ್ಡ ನಿಘಂಟು 1838ರಲ್ಲಿ ಅಚ್ಚಾಗಿದ್ದು ಭಾರತದಲ್ಲಿ, ಬಂಗಾಳದ ಶ್ರೀರಾಂಪುರದಲ್ಲಿ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. 1858ರಲ್ಲಿ ಫ್ರೆಂಚ್ ನೌಕಾಪಡೆ ದಾ ನಾಂಗ್ ಮೇಲೆ ದಾಳಿಯಿಟ್ಟಿತು. ವಸಾಹತು ಸರ್ಕಾರವು ಚೀನಿ ಅಕ್ಷರಗಳ ಬದಲು ಈ ಬರಹವನ್ನು ಮುಂದೆ ತಂದಿತು. ಈ ಲಿಪಿಯ ಮೊದಲ ಪತ್ರಿಕೆ ಗಿಯಾ ದಿನ್ ಬಾವ್ 1865ರಲ್ಲಿ ಸೈಗಾನ್‌ನಿಂದ ಹೊರಟಿತು. ವಿಚಿತ್ರವೆಂದರೆ ಫ್ರೆಂಚರ ವಿರುದ್ಧ ಹೋರಾಡಿದವರೂ ಕರಪತ್ರ ಹಂಚಲು, ಜನರಿಗೆ ಅಕ್ಷರ ಕಲಿಸಲು ಇದೇ ಲಿಪಿಯನ್ನು ಹಿಡಿದರು. 1945ರಲ್ಲಿ ಸ್ವಾತಂತ್ರ್ಯ ಘೋಷಿಸಿದ ಹೊ ಚಿ ಮಿನ್ ಸರ್ಕಾರ ಸಾಕ್ಷರತಾ ಆಂದೋಲನವನ್ನು ನಡೆಸಿದ್ದೂ ಇದರಲ್ಲೇ.

ಸ್ಮಾರಕದ ಅಲೆದಾಟ

ರೋಡ್ಸ್ ನೆನಪಿಗೆ 1941ರಲ್ಲಿ ಹನೋಯ್‌ನ ಹೊವಾನ್ ಕಿಯೆಮ್ ಸರೋವರದ ಬಳಿ ನಿಲ್ಲಿಸಿದ್ದ ಶಿಲಾಫಲಕವನ್ನು 1957ರಲ್ಲಿ ತೆಗೆದುಹಾಕಲಾಯಿತು. 1990ರ ದಶಕದಲ್ಲಿ ಅದು ರಾಷ್ಟ್ರೀಯ ಗ್ರಂಥಾಲಯದ ಆವರಣ ಸೇರಿತು. 2019ರಲ್ಲಿ ದಾ ನಾಂಗ್ ನಗರದ ಬೀದಿಗಳಿಗೆ ಪಿನಾ ಮತ್ತು ರೋಡ್ಸ್ ಅವರ ಹೆಸರಿಡುವ ಪ್ರಸ್ತಾವ ಬಂದಾಗ ಕೆಲವು ವಿದ್ವಾಂಸರು ವಿರೋಧಿಸಿದರು, ಪ್ರಸ್ತಾವ ಕೈಬಿಡಲಾಯಿತು. 1653ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾದ ತಮ್ಮ ಪ್ರವಾಸಗ್ರಂಥದಲ್ಲಿ ಪೂರ್ವದೇಶಗಳನ್ನು ಗೆಲ್ಲಲು ಫ್ರಾನ್ಸಿನಿಂದ ಸೈನಿಕರು ದೊರೆಯುವರೆಂದು ರೋಡ್ಸ್ ಆಶಿಸಿದ್ದು ವಿರೋಧಿಗಳ ಮುಖ್ಯ ಆಕ್ಷೇಪ. ಅಲ್ಲಿ ಸೈನಿಕರೆಂದರೆ ಧರ್ಮದ ಸೈನಿಕರು, ಅರ್ಥಾತ್ ಪಾದ್ರಿಗಳು ಎಂಬುದು ಇನ್ನೊಂದು ಪಕ್ಷದ ವಾದ. ಪ್ಯಾರಿಸ್‌ನಲ್ಲಿ ಅವರು ನಡೆಸಿದ ಓಡಾಟವೆಲ್ಲ ಬಿಷಪ್‌ಗಳನ್ನು ಕಳುಹಿಸಿರಿ, ವಿಯೆಟ್ನಾಮಿಗಳಿಗೇ ಪಾದ್ರಿ ದೀಕ್ಷೆ ಕೊಡಿಸಿರಿ ಎಂಬ ಬೇಡಿಕೆಗಾಗಿಯೇ ಇದ್ದುದರಿಂದ ಎರಡನೆಯ ವಾದಕ್ಕೆ ಬಲ ಹೆಚ್ಚು.

ಆ ಬೇಡಿಕೆಯಿಂದ ಫಲ ದೊರೆಯಿತಾದರೂ ಅವರಿಗೆ ಮರಳುವ ಅವಕಾಶ ಸಿಗಲಿಲ್ಲ. ಅರವತ್ತು ದಾಟಿದ ರೋಡ್ಸ್ ಅವರನ್ನು 1654ರಲ್ಲಿ ಪರ್ಷಿಯಾಕ್ಕೆ ಕಳುಹಿಸಲಾಯಿತು. ಅಲ್ಲಿಯೂ ಅವರು ಮೊದಲು ಮಾಡಿದ ಕೆಲಸ ಪರ್ಷಿಯನ್ ಕಲಿಯಲು ಕುಳಿತದ್ದು. 1660ರ ನವೆಂಬರ್ 5ರಂದು ಇಸ್ಫಹಾನ್‌ನಲ್ಲಿ ನಿಧನರಾದರು; ಆ ನಗರದ ಆರ್ಮೇನಿಯನ್ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. 2018ರಲ್ಲಿ ವಿಯೆಟ್ನಾಮಿಗರ ಒಂದು ತಂಡ ಅಲ್ಲಿಯವರೆಗೆ ಪ್ರಯಾಣ ಮಾಡಿ, ಕೃತಜ್ಞತೆ ಸೂಚಿಸುವ ಕಲ್ಲಿನ ಫಲಕವೊಂದನ್ನು ಗೋರಿಯ ಬಳಿ ಇರಿಸಿ ಬಂದಿತು.